ತಲೆ ಹಾರಿದ್ದು ಯಾವಾಗ?

"350 ರೂಪಾಯಿಗೆ ಒಳ್ಳೇ ಡ್ರೈವರ್ ಕಣೇ!" ಎಂದು ರಾಯರು ಬೆಂಗಳೂರಿನಿಂದ ಮನೆಗೆ ಫೋನ್ ಮಾಡಿದರಂತೆ. "ದಿನಕ್ಕೋ, ಬರೀ ಬೆಳಿಗ್ಗೆಗೋ?" ಎಂದು ಅವರ ಮನೆಯವರು ಕೇಳಿದರಂತೆ. ಸಂಜೆ ರಾಯರು ಮೈಸೂರಿಗೆ ಬಂದು, ಆಟೋ ಇಳಿದು, ಪೇಪರ್ ಸುತ್ತಿದ ಉದ್ದನೆಯ ಕೋಲೊಂದನ್ನು ಹೊರಗೆಳೆದಾಗಲೇ ಆಯಮ್ಮನಿಗೆ ವಿಷಯ ಗೊತ್ತಾಗಿದ್ದು. ಗಾಲ್ಫ್ ಆಟದಲ್ಲಿ ಚೆಂಡನ್ನು ದೂರಕ್ಕೆ ಹೊಡೆಯುವ ಸ್ಟಿಕ್‌ಗೂ ಡ್ರೈವರ್ ಅಂತಲೇ ಹೆಸರು: ಉದ್ದನೆಯ ಕೋಲು, ತುದಿಯಲ್ಲಿ ಚೆಂಡಿಗೆ ತಾಗುವ ದಪ್ಪ ತಲೆ. ಈ ಡ್ರೈವರ್‌ಗೆ ಲೈಸೆನ್ಸ್ ಬೇಡ, ಸಂಬಳ ಬೇಡ. ಆದರೆ ಮಲಗುವುದಕ್ಕೆ ಹಾಲ್‌ನ ಸೋಫಾನೇ ಬೇಕು.

ಆ ಡ್ರೈವರ್‌ನ ತಲೆ ಕಳೆದ ಭಾನುವಾರ ಹಾರಿಹೋಯಿತು. ಮೊದಲನೇ ಟೀಯಲ್ಲಿ, ಅಂದರೆ ಆಟ ಶುರು ಮಾಡುವ ಜಾಗದಲ್ಲೇ, ಮೊದಲನೇ ಹೊಡೆತಕ್ಕೆ. ಚೆಂಡು ಕೂತಲ್ಲೇ ಕೂತಿತ್ತು, ಹಬ್ಬದೂಟಕ್ಕೆ ಎಲೆ ಮುಂದೆ ಕೂತ ಅಳಿಯನ ಹಾಗೆ. ರಾಯರ ಕೈಯಲ್ಲಿ ಬರೀ ಕೋಲು. "ಫಾಲೋ ಥ್ರೂ ಚೆನ್ನಾಗಿ ಬಂತು" ಎಂದರು ಡಾಕ್ಟ್ರು.

ಆಮೇಲೆ ರಾಯರು ಬೇರೆ ಸ್ಟಿಕ್ ತೆಗೆದುಕೊಂಡು ಒಂಬತ್ತು ಹೋಲ್, ಅಂದರೆ ಒಂಬತ್ತು ಕುಳಿಗೂ ಚೆಂಡು ಸೇರಿಸಿ, ಮುಗಿಸಿದರು. ಹೊಡೆತ ಕಡಿಮೆ ಇದ್ದವರು ಗೆದ್ದ ಹಾಗೆ. ಲೆಕ್ಕ ಹಾಕಿದರೆ ಮೇಷ್ಟ್ರು 54, ರಾಯರು 55. ಆ 55ರಲ್ಲಿ ತಲೆಯಿಲ್ಲದ ಹೊಡೆತವೂ ಸೇರಿದೆ. ಅದನ್ನು ಬಿಟ್ಟರೆ ಇಬ್ಬರೂ ಸಮ. ಸೋತವರು ನಾಲ್ಕೂ ಜನರ ದೋಸೆ ಬಿಲ್ ಕೊಡಬೇಕು, ಸಮ ಆದರೆ ಅವರವರ ದೋಸೆ ಅವರವರದು. ಇದು ನಮ್ಮ ಪದ್ಧತಿ. ಡಾಕ್ಟ್ರೂ ನಾನೂ ಪಂದ್ಯಕ್ಕಿಲ್ಲ, ಸುಮ್ನೆ ದೋಸೆಗೆ.

ನಜರ್‌ಬಾದ್ ಕಡೆಯ ಹೋಟೆಲ್‌ನಲ್ಲಿ ಕೂತ ತಕ್ಷಣ ಮೇಷ್ಟ್ರು ಫೋನ್ ತೆಗೆದು ನಿಯಮ ಓದಿದರು. ನಲವತ್ತು ವರ್ಷ ಫಿಸಿಕ್ಸ್ ಹೇಳಿದ ಗಂಟಲು. ಪಕ್ಕದ ಟೇಬಲ್‌ನವರೂ ಇಡ್ಲಿ ಬಿಟ್ಟು ಕೇಳಿಸಿಕೊಂಡರು.

"ಕೇಳಿ. ಸ್ಟಿಕ್ ಕೆಳಗೆ ಬರುವಾಗ ತಲೆ ಕಳಚಿಕೊಂಡು, ಆಟಗಾರ ಬರೀ ಕೋಲನ್ನೇ ಬೀಸಿ ಮುಗಿಸಿದರೆ ಅದು ಒಂದು ಹೊಡೆತ. ಚೆಂಡಿಗೆ ತಾಗಿದ್ರೂ ಅಷ್ಟೇ, ತಾಗದಿದ್ರೂ ಅಷ್ಟೇ. ಮೇಲಕ್ಕೆ ಎತ್ತುವಾಗಲೇ ಕಳಚಿಕೊಂಡು, ಕೋಲೂ ಚೆಂಡಿಗೆ ತಾಗದಿದ್ದರೆ ಹೊಡೆತ ಅಲ್ಲ."

"ಮೇಲಕ್ಕೆ ಎತ್ತುವಾಗಲೇ ಹೋಯ್ತು" ಎಂದರು ರಾಯರು ತಕ್ಷಣ.

"ಈ ನಿಯಮ ಓದೋಕೆ ಮುಂಚೆ ನೀವೇ ಅಂದ್ರಿ, ಕೆಳಗೆ ಬರ್ತಾ ಕೈ ಹಗುರ ಆಯ್ತು ಅಂತ."

"ಅದು ಗಾಬರೀಲಿ ಹೇಳಿದ್ದು. ಗಾಬರೀಲಿ ಹೇಳಿದ್ದು ಸಾಕ್ಷಿ ಆಗಲ್ಲ."

ನಾನೂ ರಾಯರ ಪರವಾಗಿಯೇ ಮಾತಾಡಿದೆ. ಮೇಲೆ ಹೋಗುವಾಗಲೇ ಕಳಚಿದ್ದನ್ನು ಕಣ್ಣಾರೆ ಕಂಡೆ ಎಂದೆ. ಯಾಕೆ ಹಾಗೆ ಹೇಳಿದೆ ಎನ್ನುವುದು ಆಮೇಲೆ.

ಮೊದಲು ಆ ಡ್ರೈವರ್ ವಿಷಯ. ರಾಯರು ಅದನ್ನು ಕೊಂಡಿದ್ದು ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ. ಹಳೇ ಮಿಕ್ಸಿ ಜಾರು, ನಿಂತ ಗಡಿಯಾರ, ಒಂದೇ ಕಾಲಿನ ಶೂ, ಇವುಗಳ ಮಧ್ಯೆ ಬಿದ್ದಿತ್ತಂತೆ. ಮಾರುವವನು ಅದನ್ನು ಊರುಗೋಲು ಎಂದುಕೊಂಡಿದ್ದ. ತಲೆಕೆಳಗಾಗಿ ಹಿಡಿದು ನಡೆದೂ ತೋರಿಸಿದನಂತೆ. "ಗಟ್ಟಿ ಮರ ಸಾರ್, ನಿಮ್ಮ ವಯಸ್ಸಿಗೆ ಸರಿಯಾಗಿದೆ" ಅಂದನಂತೆ. ಆ ಕೊನೇ ಮಾತಿಗೆ ರಾಯರು ಐವತ್ತು ರೂಪಾಯಿ ಇಳಿಸಿದರು.

ಅದು ಪರ್ಸಿಮನ್ ಮರದ ತಲೆ. ಈಗ ದೊಡ್ಡ ಅಂಗಡಿಗಳಲ್ಲಿ ಟೊಮೆಟೊ ಹಾಗೆ ಕಾಣುವ ಪರ್ಸಿಮನ್ ಹಣ್ಣು ಬರುತ್ತದಲ್ಲ, ಅದರ ಅಮೆರಿಕದ ನೆಂಟ. ನಮ್ಮ ಬೀಡಿ ಎಲೆಯ ಮರವೂ ಅದೇ ಕುಲದ್ದು. "ಹಾಗಾದರೆ ಇದು ಅರ್ಧ ಬೀಡಿ" ಎಂದರು ಡಾಕ್ಟ್ರು. ಒಂದು ಕಾಲದಲ್ಲಿ ದೊಡ್ಡ ಆಟಗಾರರೆಲ್ಲ ಇದರಲ್ಲೇ ಹೊಡೆದವರು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಲೋಹದ ಡ್ರೈವರ್ ಮಾರುಕಟ್ಟೆಗೆ ತಂದಿತು. ಆದರೂ ಮರ ಅಷ್ಟು ಸುಲಭಕ್ಕೆ ಸೋಲಲಿಲ್ಲ. 1993ರಲ್ಲಿ ಮಾಸ್ಟರ್ಸ್ ಎಂಬ ದೊಡ್ಡ ಪಂದ್ಯಾವಳಿ ಗೆದ್ದ ಬರ್ನ್‌ಹಾರ್ಡ್ ಲ್ಯಾಂಗರ್ ಕೈಯಲ್ಲಿ ಇದ್ದದ್ದು ಮರದ ಡ್ರೈವರೇ. ಈಗಿನ ಡ್ರೈವರ್‌ಗಳ ತಲೆ 460 ಸಿ.ಸಿ.ವರೆಗೆ ಇರಬಹುದು, ನಮ್ಮ ಬೈಕ್‌ಗಳಿಗೂ ಅಷ್ಟು ಸಿ.ಸಿ. ಇಲ್ಲ. ರಾಯರ ಬೀಡಿ ಮರದ ತಲೆ ಅದರ ಅರ್ಧವೂ ಬರುವುದಿಲ್ಲ. ಅದರಲ್ಲಿ ಚೆಂಡಿಗೆ ಸರಿಯಾಗಿ ಹೊಡೆಯುವುದೆಂದರೆ ಸೌಟಿನಿಂದ ಸೊಳ್ಳೆ ಹೊಡೆದ ಹಾಗೆ. ಆದರೆ ತಾಗಿದರೆ ಬರುವ ಸದ್ದಿದೆಯಲ್ಲ, 'ಟೊಕ್' ಅಂತ, ಚಿನ್ನಿ ದಾಂಡಿನ ಸದ್ದು. ಲೋಹದ್ದರಲ್ಲಿ ಹೊಡೆದರೆ ಪಾತ್ರೆ ಬಿದ್ದ ಹಾಗೆ ಕೇಳುತ್ತದೆ.

"ಯಾರೋ ಬ್ರಿಟಿಷ್ ದೊರೆಯದ್ದು ಇರಬೇಕು. ವಿಕ್ಟೋರಿಯಾ ರಾಣಿ ಕಾಲದ್ದು" ಎಂದು ರಾಯರು ಮೊದಲ ದಿನವೇ ಘೋಷಿಸಿದ್ದರು.

"ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲೇ ಶುರುವಾಗಿದೆ, ಒಪ್ತೀನಿ" ಎಂದರು ಮೇಷ್ಟ್ರು. "ಆದರೆ ಆಗ ಕೋಲು ಹಿಕರಿ ಮರದ್ದು. ಸ್ಟೀಲ್ ಕೋಲಿಗೆ ಗಾಲ್ಫ್ ನಿಯಮ ಮಾಡೋ ಸ್ಕಾಟ್ಲೆಂಡಿನ ಆರ್ ಅಂಡ್ ಎ ಒಪ್ಪಿಗೆ ಕೊಟ್ಟಿದ್ದೇ 1929ರಲ್ಲಿ. ನಿಮ್ಮದು ಸ್ಟೀಲ್. ರಾಣಿ ಹೋಗಿ ಎಷ್ಟೋ ಕಾಲ ಆದಮೇಲಿನದು."

"ತಲೆ ಹಳೇದು, ಕೋಲು ಆಮೇಲೆ ಹಾಕಿಸಿರಬೇಕು."

ಹಳೇ ಸ್ಟಿಕ್ ಇಟ್ಟುಕೊಂಡವರನ್ನು ವಾದದಲ್ಲಿ ಗೆಲ್ಲಲು ಆಗುವುದಿಲ್ಲ. ಗಾಲ್ಫ್‌ನಲ್ಲಿ ಒಬ್ಬರ ಬ್ಯಾಗಿನಲ್ಲಿ 14 ಸ್ಟಿಕ್‌ಗಿಂತ ಜಾಸ್ತಿ ಇರಬಾರದು. ರಾಯರ ಬ್ಯಾಗಿನಲ್ಲಿ ಸರಿಯಾಗಿ ಹದಿನಾಲ್ಕಿವೆ. ಹದಿನಾಲ್ಕು ಸ್ಟಿಕ್, ಹದಿನಾಲ್ಕು ಗೋತ್ರ. ಲೋಹದ ತಲೆಯ ಒಂದು ಐರನ್ ಕೊಡಗಿನ ಎಸ್ಟೇಟಿನಿಂದ ಬಂದದ್ದು, ಇನ್ನೊಂದು ಯಾವುದೋ ನಿವೃತ್ತ ಕರ್ನಲ್ ಮನೆಯ ಅಟ್ಟದಿಂದ. ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಒಂದು ಪಟರ್‌ಗೆ ಕ್ರಿಕೆಟ್ ಬ್ಯಾಟಿನ ಗ್ರಿಪ್ ಇದೆ. ಅಷ್ಟೂ ಸೇರಿದರೆ ಒಂದು ಹೊಸ ಡ್ರೈವರ್‌ನ ಬೆಲೆ ಆಗುವುದಿಲ್ಲ. "ಗಾಲ್ಫ್ ಶ್ರೀಮಂತರ ಆಟ ಅಂತ ಯಾರಂದಿದ್ದು?" ಎಂದು ರಾಯರು ಆಗಾಗ ಕೇಳುತ್ತಿರುತ್ತಾರೆ. ಕೇಳುವಾಗ ಹೊಲಿದ ಕೈಗವಸು ತೋರಿಸುತ್ತಾರೆ.

ಬಜಾರ್‌ನವನು ಡ್ರೈವರ್ ಜೊತೆ ಮೂರು ಚೆಂಡು ಪುಕ್ಕಟೆ ಕೊಟ್ಟಿದ್ದ. ಮೇಷ್ಟ್ರು ವರ್ನಿಯರ್ ಕ್ಯಾಲಿಪರ್ ತಂದು ಅಳೆದರು. (ನಿವೃತ್ತರಾಗುವಾಗ ಎಲ್ಲರೂ ಶಾಲು, ಹಾರ ತರುತ್ತಾರೆ. ಇವರು ಕ್ಯಾಲಿಪರ್ ತಂದಿದ್ದಾರೆ ಎಂದು ನಮ್ಮ ಅನುಮಾನ.) ಚೆಂಡಿನ ಅಡ್ಡಳತೆ ಕಡಿಮೆ ಅಂದರೂ 42.67 ಮಿ.ಮೀ. ಇರಬೇಕು. ಇವು 41ರ ಆಸುಪಾಸು. "ಹಳೇ ಬ್ರಿಟಿಷ್ ಅಳತೆ. ಒಂದೂವರೆ ಮಿಲಿಮೀಟರ್ ಸಣ್ಣದು. 1990ರಿಂದ ನಡೆಯಲ್ಲ" ಎಂದರು. ರಾಯರು ಆ ಚೆಂಡುಗಳನ್ನು ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟರು. ಅವತ್ತಿನಿಂದ ಅವರಿಗೆ ಒಂದು ಹೊಸ ಕಾರಣವೂ ಸಿಕ್ಕಿತು. ಪಟ್ ತಪ್ಪಿದಾಗಲೆಲ್ಲ, "ಆ ಸಣ್ಣ ಚೆಂಡಾಗಿದ್ದರೆ ಒಳಗೆ ಹೋಗ್ತಿತ್ತು."

ಆ ಕುಳಿಯ ಅಗಲ ಎಷ್ಟು ಗೊತ್ತಾ? 108 ಮಿ.ಮೀ. ಅಷ್ಟೋತ್ತರ! ಹದಿನೆಂಟು ಹೋಲ್ ಆಡಿದರೆ ನಮ್ಮ ಹೊಡೆತಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ. ನೂರೆಂಟು ಸಲ ಹೊಡೆದು, ನೂರೆಂಟು ಸಲ ದೇವರ ನಾಮ ಹೇಳಿ ಮನೆಗೆ ಬರುತ್ತೇವೆ. ಅರ್ಧ ಆಡಿದ್ದರಿಂದ ಕಳೆದ ಭಾನುವಾರ 54. ಅರ್ಚನೆ ಅರ್ಧಕ್ಕೇ ನಿಂತಿತ್ತು, ಅಷ್ಟೇ.

ಡ್ರೈವರ್ ರಿಪೇರಿ ನಡೆದದ್ದು ರಾಯರ ಕಾರ್ ಶೆಡ್‌ನಲ್ಲಿ, ಮೂರು ಶನಿವಾರ. ನಿಜ ಹೇಳಬೇಕೆಂದರೆ ನಮಗೆ ಆಡುವುದಕ್ಕಿಂತ ಆ ಶನಿವಾರಗಳೇ ಇಷ್ಟ. ಶೆಡ್‌ನಲ್ಲಿ ಯಾರೂ ಸೋಲುವುದಿಲ್ಲ. ಅಲ್ಲಿ ಇರುವುದೆಲ್ಲ ಸ್ಟಿಕ್‌ನ ತಪ್ಪು, ಸ್ವಿಂಗ್‌ನದಲ್ಲ.

ಮೊದಲನೇ ಶನಿವಾರ ಹಳೇ ಕರಿ ವಾರ್ನಿಶ್ ತೆಗೆದೆವು. 120ರ ಮರಳು ಕಾಗದ, ಆಮೇಲೆ 400ರದ್ದು. ಉಜ್ಜುತ್ತಾ ಉಜ್ಜುತ್ತಾ ಮರದ ಎಳೆ ಮೇಲೆ ಬಂತು, ಕಾಫಿ ಡಿಕಾಕ್ಷನ್ ಬಣ್ಣ. ಅಡಿಯ ಹಿತ್ತಾಳೆ ಪಟ್ಟಿಯನ್ನು ಹುಣಸೇಹಣ್ಣಿನಲ್ಲಿ ತಿಕ್ಕಿದರೆ ಪೂಜೆ ಸಾಮಾನಿನ ಹಾಗೆ ಹೊಳೆಯಿತು. ಕುತ್ತಿಗೆಗೆ ಸುತ್ತಿದ್ದ ಕರಿ ದಾರ ಬಿಚ್ಚಿದಷ್ಟೂ ಬರುತ್ತಲೇ ಇತ್ತು. ಬಾಗಿಲಿಗೊಂದು ಸುತ್ತು, ಕಾರಿಗೊಂದು ಸುತ್ತು. ದಾರದ ಕೆಳಗೆ ಕೋಲನ್ನೂ ತಲೆಯನ್ನೂ ಹಿಡಿದಿದ್ದ ಒಂದು ಸಣ್ಣ ಸ್ಕ್ರೂ, ಪೂರ್ತಿ ತುಕ್ಕು. ಡಾಕ್ಟ್ರು ಹಲ್ಲಿನ ಡಾಕ್ಟ್ರು. ಕ್ಲಿನಿಕ್‌ನಿಂದ ತಮ್ಮ ಹಳೇ ಡ್ರಿಲ್ ತಂದು, "ಸ್ವಲ್ಪ ಜುಂ ಅನ್ನುತ್ತೆ, ಹೆದರಬೇಡ" ಎಂದು ಮರಕ್ಕೆ ಹೇಳಿ ಸ್ಕ್ರೂ ಕಿತ್ತರು. ಹತ್ತಿ ಇಟ್ಟು ಕಚ್ಚಿಕೊಳ್ಳಲು ಹೇಳುವುದೊಂದು ಬಾಕಿ.

"ಹೊಸ ಸ್ಕ್ರೂ ಹಾಕೋಣ" ಎಂದರು ಮೇಷ್ಟ್ರು.

"ಬೇಡ, ಅಂಟು ಸಾಕು. ಈಗಿನ ಅಂಟು ವಿಮಾನಕ್ಕೇ ಹಾಕ್ತಾರೆ" ಎಂದರು ರಾಯರು.

ಕುತ್ತಿಗೆಗೆ ಸುತ್ತಲು ಗಾಳದ ನೈಲಾನ್ ದಾರ ಬೇಕಿತ್ತು. ರಾಯರು ಜನಿವಾರ ಒಳಗೆ ತಳ್ಳಿಕೊಂಡು ಅಂಗಡಿಗೆ ಹೋದರು. "ಎಷ್ಟು ಕೇಜಿ ಮೀನಿಗೆ ಸಾರ್?" ಎಂದು ಕೇಳಿದನಂತೆ. "ಇನ್ನೂರು ಗ್ರಾಂ" ಎಂದರಂತೆ ರಾಯರು, ತಲೆಯ ತೂಕ ಜ್ಞಾಪಿಸಿಕೊಂಡು.

ಎರಡನೇ ಶನಿವಾರ ಗ್ರಿಪ್. ಹಳೇದನ್ನು ಉದ್ದಕ್ಕೆ ಸೀಳಿದರೆ ಹಾವಿನ ಪೊರೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಕೋಲಿಗೆ ಎರಡೂ ಕಡೆ ಅಂಟಿರುವ ಟೇಪ್ ಸುತ್ತಬೇಕು. ಹೊಸ ಗ್ರಿಪ್‌ನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಬೆರಳಲ್ಲಿ ಮುಚ್ಚಿ, ಒಳಗೆ ಥಿನ್ನರ್ ಸುರಿದು, ಕುಲುಕಿ, ಅದೇ ಥಿನ್ನರನ್ನು ಟೇಪ್ ಮೇಲೆ ಚೆಲ್ಲಿ, ಒಂದೇ ಉಸಿರಿಗೆ ನೂಕಬೇಕು. ಅರ್ಧಕ್ಕೆ ನಿಂತಿರೋ, ಮುಗಿಯಿತು. ಆಮೇಲೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಾವು ನಿಂತೆವು. ಯಾಕೆಂದರೆ ಡಾಕ್ಟ್ರು ಕುಲುಕುವಾಗ ಬೆರಳು ತೆಗೆದರು. ಥಿನ್ನರ್ ಪಿಚಕಾರಿಯ ಹಾಗೆ ಹಾರಿ ತಂತಿಯ ಮೇಲಿದ್ದ ಮೈಸೂರು ಸಿಲ್ಕ್ ಸೀರೆಗೆ ಹೋಯಿತು. ಆಮೇಲಿನ ಮಾತುಕತೆ ನಾನು ಬರೆಯುವುದಿಲ್ಲ.

ರಾಯರ ಮನೆಯವರಿಗೆ ಗಾಲ್ಫ್ ಗೊತ್ತಿಲ್ಲ ಅಂತ ತಿಳಿಯಬೇಡಿ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಇಡೀ ದೇಶ ಬೆಳಗಿನ ಜಾವ ಎದ್ದು ಕೂತಿತ್ತಲ್ಲ, ಆಯಮ್ಮನೂ ಕೂತಿದ್ದರು. ಅದಿತಿಗೆ ತಾಯಿಯೇ ಕ್ಯಾಡಿ, ಅಂದರೆ ಸ್ಟಿಕ್‌ಗಳ ಬ್ಯಾಗು ಹೊರುವವರು. ನಾಲ್ಕನೇ ಸ್ಥಾನ ಬಂತು, ಪದಕ ಕೂದಲೆಳೆಯಲ್ಲಿ ತಪ್ಪಿತು. ಅವತ್ತು ಇವರು ಅತ್ತರಂತೆ. ಮಾರನೇ ಭಾನುವಾರ ರಾಯರ ಆಟ ನೋಡಲು ಬಂದರು. ಮೂರು ಹೋಲ್ ನೋಡಿ ಕೇಳಿದರು: "ಆ ಹುಡುಗಿ ಒಂದು ಸಲವೂ ಪೊದೆ ಒಳಗೆ ಹೋಗಲಿಲ್ಲವಲ್ಲ. ನೀವು ಆಡೋದು ಬೇರೆ ಆಟವಾ?"

ಪೊದೆಯ ವಿಷಯದಲ್ಲಿ ನಮ್ಮದು ಬೇರೆ ಆಟವೇ. 2019ರಿಂದ ಕಳೆದ ಚೆಂಡು ಹುಡುಕಲು ಮೂರೇ ನಿಮಿಷ, ಮೊದಲು ಐದಿತ್ತು. ನಾವು ಗಡಿಯಾರ ನೋಡುವುದಿಲ್ಲ. ಹೋಗುವಾಗ ಎರಡು ಚೆಂಡು, ಬರುವಾಗ ಐದು. ಇಷ್ಟು ಲಾಭದ ವ್ಯವಹಾರವನ್ನು ಮೂರು ನಿಮಿಷಕ್ಕೆ ಯಾರು ನಿಲ್ಲಿಸುತ್ತಾರೆ?

ಮೂರನೇ ಶನಿವಾರ ತೂಕ ಮತ್ತು ಅಂಟು. ತಲೆ ಹಗುರ ಅನ್ನಿಸಿತು. ಪಂಕ್ಚರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸ್ ಮಾಡುವಾಗ ರಿಮ್‌ಗೆ ಅಂಟಿಸುವ ತುಂಡುಗಳಿರುತ್ತವೆ, ಒಂದೊಂದು ಐದು ಗ್ರಾಂ. ಎರಡು ತಂದು ಹಿಂದುಗಡೆ ಅಂಟಿಸಿದೆವು. ಆಟ ಶುರುವಾದ ಮೇಲೆ ಹೀಗೆ ಅಂಟಿಸಿ ಕೀಳುವಂತಿಲ್ಲ, ಮುಂಚೆಯೇ ಮುಗಿಸಿಕೊಳ್ಳಬೇಕು. ಅಂಟು ಕಲಸುವ ಕೆಲಸ ನನ್ನದು. ಗುಂಪಿನಲ್ಲಿ ಕಿರಿಯವನಿಗೆ ಸಿಗುವುದು ಇಂಥದ್ದೇ. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ.

ಈಗ ಹೋಟೆಲ್‌ಗೆ ವಾಪಸ್. ದೋಸೆ ಬಂದಿತ್ತು. ಮೇಷ್ಟ್ರು ಸಾಂಬಾರಿನಲ್ಲಿ ಬೆರಳದ್ದಿ ಟೇಬಲ್ ಮೇಲೆ ವೃತ್ತ ಬರೆದರು.

"ಕಳಚಿದ ವಸ್ತು ಸ್ಪರ್ಶರೇಖೆಯಲ್ಲಿ ಹೋಗುತ್ತೆ. ನೀವು ಎತ್ತುತ್ತಾ ಪೂರ್ತಿ ಮೇಲೆ ಬಂದಾಗ ತಲೆ ಓಡ್ತಾ ಇರೋದು ಎಡಕ್ಕೆ, ಗುರಿಯ ಕಡೆಗೆ. ಆಗ ಕಳಚಿದ್ದರೆ ಎಡಗಡೆ ಸಿಗಬೇಕಿತ್ತು. ಸಿಕ್ಕಿದ್ದೆಲ್ಲಿ? ಬಲಗಡೆ, ಹೊಂಗೆ ಮರದ ಬುಡದಲ್ಲಿ. ಅಂದ್ರೆ ವಾಪಸ್ ಇಳಿಯೋಕೆ ಶುರುವಾಗಿತ್ತು. ಹೊಡೆತ."

ರಾಯರು ದೋಸೆ ಮುರಿಯುತ್ತಾ ಯೋಚಿಸಿದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಆಡಿಟ್‌ನವರನ್ನು ಎದುರಿಸಿದ ಮನುಷ್ಯ.

"ಪೂರ್ತಿ ಮೇಲೆ ಹೋಗೋಕೆ ಮುಂಚೆ, ಅರ್ಧ ಎತ್ತಿದಾಗ? ಆಗ ತಲೆ ಯಾವ ಕಡೆ ಓಡ್ತಾ ಇರುತ್ತೆ?"

ಮೇಷ್ಟ್ರು ವೃತ್ತ ನೋಡಿದರು. ಸಾಂಬಾರ್ ಒಣಗುತ್ತಿತ್ತು. "...ಬಲಕ್ಕೆ."

"ಹಾಂ!"

"ಅಷ್ಟು ನಿಧಾನ ಎತ್ತುವಾಗ ಹೊಂಗೆ ಮರದವರೆಗೂ ಹೋಗುತ್ತೇನ್ರೀ?"

"ನಾನು ನಿಧಾನ ಎತ್ತುತ್ತೀನಿ ಅಂತ ಯಾರಂದ್ರು?" ಇದು ನಿಜ. ರಾಯರು ಸ್ಟಿಕ್ ಎತ್ತುವ ರಭಸ ನೋಡಿದರೆ ಹಿಂದೆ ಯಾರಿಗೋ ಹೊಡೆಯಲು ಹೊರಟಿದ್ದಾರೆ ಅನಿಸುತ್ತದೆ.

ಡಾಕ್ಟ್ರನ್ನು ಕೇಳಿದೆವು. "ಸಡಿಲ ಆದ ಹಲ್ಲು ಯಾವ ಕ್ಷಣಕ್ಕೆ ಬಿತ್ತು ಅಂತ ಯಾವ ಪೇಷೆಂಟೂ ಹೇಳಿದ್ದಿಲ್ಲ. ಚಕ್ಕುಲಿ ತಿನ್ನುವಾಗ ಅಂತಾರೆ. ಅದು ಸಡಿಲ ಆಗಿದ್ದು ಹೋದ ವರ್ಷ" ಎಂದರು.

ಉಳಿದಿದ್ದು ಕ್ಯಾಡಿ ಮಣಿ. ನಾಲ್ವರಿಗೂ ಅವನೊಬ್ಬನೇ. ಆಟ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅದರಲ್ಲಿ ಆಶ್ಚರ್ಯ ಇಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿದ್ದವರೇ. ಮೇಷ್ಟ್ರು ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಮಣಿ, ನಿಜ ಹೇಳಪ್ಪ. ರಾಯರ ಸ್ಟಿಕ್ ತಲೆ ಹಾರಿದ್ದು ಮೇಲೆ ಹೋಗುವಾಗಲೋ, ಕೆಳಗೆ ಬರುವಾಗಲೋ?"

"ನಾನು ನೋಡ್ಲಿಲ್ಲ ಸಾರ್. ಚೆಂಡು ಎಲ್ಲಿ ಹೋಗುತ್ತೆ ಅಂತ ದೂರ ನೋಡ್ತಾ ಇದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಬರ್ಲಿಲ್ವಲ್ಲ ಅಂತ ತಿರುಗಿ ನೋಡಿದೆ" ಎಂದ.

ರಾಯರು ಮಾತು ತಿರುಗಿಸಿದರು. ಅವರಿಗೆ ಈ ರಿಪೇರಿ ಹುಚ್ಚಿಗೆ ದೊಡ್ಡವರ ಆಧಾರ ಬೇಕು. "ನೀವೆಲ್ಲ ನಗ್ತೀರಿ. ಅಮೆರಿಕದ ದೊಡ್ಡ ಆಟಗಾರ ಜೀನ್ ಸರಜೆನ್ ಏನು ಮಾಡಿದ? ಮರಳಿನ ಗುಂಡಿಯಿಂದ ಚೆಂಡು ಎತ್ತೋಕೆ ಆಗ್ತಿರಲಿಲ್ಲ. ಗುಂಡಿಯಿಂದ ಎತ್ತೋ ವೆಜ್ ಅನ್ನೋ ಸ್ಟಿಕ್‌ನ ತಳಕ್ಕೆ ಬೆಸುಗೆ ಹಾಕಿ ದಪ್ಪ ಮಾಡಿಕೊಂಡ. ವಿಮಾನದ ರೆಕ್ಕೆಯ ಫ್ಲಾಪ್ ನೋಡಿ ಹೊಳೀತಂತೆ. 1932ರಲ್ಲಿ ಬ್ರಿಟಿಷ್ ಓಪನ್‌ಗೆ ಹೋದಾಗ ಯಾರೂ ನೋಡಬಾರದು ಅಂತ ಬ್ಯಾಗಿನಲ್ಲಿ ಅದನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದ. ಗೆದ್ದೂ ಬಿಟ್ಟ!"

"ಅವನ ಬೆಸುಗೆ ನಿಂತಿತ್ತು" ಎಂದರು ಮೇಷ್ಟ್ರು.

"ಕಾರ್ಸ್ಟನ್ ಸೋಲ್‌ಹೈಮ್? ಜಿ.ಇ. ಕಂಪನಿಯ ಇಂಜಿನಿಯರ್. ಮನೆಯ ಗ್ಯಾರೇಜಿನಲ್ಲಿ ಪಟರ್ ಮಾಡಿದ. ಸಕ್ಕರೆ ಕ್ಯೂಬ್, ಐಸ್ ಕ್ಯಾಂಡಿ ಕಡ್ಡಿ ಅಂಟಿಸಿ ನಮೂನೆ ನೋಡಿಕೊಂಡಿದ್ದ. ತೂಕವನ್ನು ಎರಡೂ ತುದಿಗೆ ಹಂಚಿದ್ರೆ ಮಧ್ಯಕ್ಕೆ ತಾಗದಿದ್ರೂ ತಲೆ ಜಾಸ್ತಿ ತಿರುಗಲ್ಲ. ಅಷ್ಟೇ ಅವನ ಉಪಾಯ. ಹೊಡೆದಾಗ 'ಪಿಂಗ್' ಅಂತ ಸದ್ದು ಬಂತು, ಅದನ್ನೇ ಹೆಸರಿಟ್ಟ. ದೊಡ್ಡ ಕಂಪನಿ ಆಯ್ತು. ಅವನದೂ ಕಾರ್ ಶೆಡ್ಡೇ, ನಮ್ಮದೂ ಕಾರ್ ಶೆಡ್ಡೇ."

ಡಾಕ್ಟ್ರು ಚಮಚದಿಂದ ಲೋಟಕ್ಕೆ ಹೊಡೆದರು. ಪಿಂಗ್. ಸಪ್ಲೈಯರ್ ಓಡಿ ಬಂದ. "ಏನ್ ಕೊಡ್ಲಿ ಸಾರ್?" ಸರಿ, ನಾಲ್ಕು ಕಾಫಿ ಹೇಳಿದೆವು.

ಈಗ ನನ್ನ ವಿಷಯ. ಆ ಅಂಟು ಎರಡು ಟ್ಯೂಬಿನದು. ಒಂದು ಅಂಟು, ಇನ್ನೊಂದು ಗಟ್ಟಿಯಾಗಿಸುವುದು. ಎರಡನ್ನೂ ಸಮ ಸಮ ಹಿಂಡಬೇಕು. ಯಾರದೋ ಮದುವೆ ಕಾಗದದ ಹಿಂದುಗಡೆ ಹಿಂಡಿದೆ. ಮೊದಲನೆಯದು ಜೇನುತುಪ್ಪದ ಹಾಗೆ ಬಂತು. ಎರಡನೆಯದರ ಬಾಯಿ ಒಣಗಿತ್ತು. ಒತ್ತಿದೆ, ಸುರುಳಿ ಮಾಡಿದೆ, ಪಿನ್ ಚುಚ್ಚಿದೆ. ಬಟಾಣಿ ಕಾಳಿನಷ್ಟು ಬೇಕಾದಲ್ಲಿ ಸಾಸಿವೆಯಷ್ಟು ಬಂತು. ಅಂಗಡಿಗೆ ಹೋಗಬಹುದಿತ್ತು. ಆದರೆ ಒಳಗಿಂದ ಈರುಳ್ಳಿ ಬಜ್ಜಿ ವಾಸನೆ ಬರುತ್ತಿತ್ತು. ಬಣ್ಣ ಚೆನ್ನಾಗಿಯೇ ಬೆರೆತಿತ್ತು. "ಆಯ್ತಾ?" ಎಂದು ರಾಯರು ಕೇಳಿದರು. "ಆಯ್ತು" ಎಂದೆ.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಕಾಫಿ ಮುಗಿಯಿತು. ಸಪ್ಲೈಯರ್ ಸೋಂಪಿನ ತಟ್ಟೆಯಲ್ಲಿ ಬಿಲ್ ತಂದು ರಾಯರಿಗೂ ಮೇಷ್ಟ್ರಿಗೂ ಸರಿಯಾಗಿ ಮಧ್ಯ ಇಟ್ಟ. ಅವನೂ ಎಲ್ಲ ಕೇಳಿಸಿಕೊಂಡಿದ್ದನಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ನಾನು ಕೈ ಚಾಚಿ ತಟ್ಟೆ ಎಳೆದುಕೊಂಡೆ.

"ಇವತ್ತು ನಾನು ಕೊಡ್ತೀನಿ ಬಿಡಿ."

ಮೂವರೂ ಸುಮ್ಮನಾದರು. ಡಾಕ್ಟ್ರು ಚಮಚ ಕೆಳಗಿಟ್ಟರು. "ಯಾಕಯ್ಯ, ಮೈ ಹುಷಾರಿಲ್ವಾ?"

"ಸುಮ್ನೆ. ಯಾವಾಗಲೂ ನೀವೇ ಕೊಡ್ತೀರಲ್ಲ."

"ಅದು ಹೌದು. ಅದನ್ನೇ ಕೇಳ್ತಾ ಇರೋದು" ಎಂದರು ಮೇಷ್ಟ್ರು.

ರಾಯರು ಏನೂ ಮಾತಾಡಲಿಲ್ಲ. ಚೀಲದಿಂದ ಡ್ರೈವರ್‌ನ ತಲೆ ತೆಗೆದರು. ಕುತ್ತಿಗೆಯ ತೂತಿನೊಳಗೆ ಕಿರುಬೆರಳು ಹಾಕಿ, ಒಂದು ಸುತ್ತು ತಿರುಗಿಸಿ, ಹೊರಗೆಳೆದರು. ಅಂಟು ಹಾಕಿ ಎಂಟು ದಿನವಾಗಿತ್ತು. ತಟ್ಟೆಯ ಸೋಂಪಿಗೆ ಆ ಬೆರಳು ಒತ್ತಿದರು. ನಾಲ್ಕೈದು ಕಾಳು ಹಾಗೇ ಅಂಟಿಕೊಂಡು ಮೇಲೆ ಬಂದವು. ಕನ್ನಡಕ ಏರಿಸಿಕೊಂಡು ಬೆರಳನ್ನು ಹತ್ತಿರದಿಂದ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮೇಷ್ಟ್ರೇ, ಇನ್ನೊಂದು ರೌಂಡ್ ಕಾಫಿ ಹೇಳ್ಲಾ?" ಎಂದೆ.